ಕುರ್ಲಾ ತನಕ ನಾ, ಕುರ್ಲಾದಿಂದ ನೀ

ಚವಳಿಕಾಯಿ ಮುರಿಯುವುದಕ್ಕೂ ಒಂದು ಸಪ್ಪಳವೇ ಎಂದು ಈಗಿನವರು ನಗಬಹುದು. ಒಬ್ಬಳೇ ಮುರಿದರೆ ಇಲ್ಲ. ಮುಂಬಯಿಯ ಸಂಜೆಯ ಥಾಣೆ ಲೋಕಲ್ ಗಾಡಿ ವಿ.ಟಿ. ಸ್ಟೇಶನ್ನಿನಲ್ಲಿ ಇನ್ನೂ ನಿಂತೇ ಇರುವಾಗ, ಲೇಡೀಸ್ ಡಬ್ಬಾದ ತುಂಬ ಆಫೀಸು ಬಿಟ್ಟ ಹೆಂಗಸರು ಮಡಿಲಲ್ಲಿ ಪೇಪರ್ ಹಾಸಿಕೊಂಡು ಮನೆಯ ಪಲ್ಯಕ್ಕೆ ಕಾಯಿ ಮುರಿಯಲು ಶುರುಮಾಡಿದರೆ ಅದು ಕೇಳುತ್ತಿತ್ತು. ಪಟ್, ಪಟ್, ಪಟಪಟ. ಕಣ್ಣು ಮುಚ್ಚಿದರೆ ಬೆಳಗಾವಿಯ ಚುರಮುರಿ ಭಟ್ಟಿಯ ಮುಂದೆ ನಿಂತ ಹಾಗೆ. ಈಗ ನನ್ನ ಕಿವಿ ಮಂದ. ಡೋರ್‌ಬೆಲ್ ಒತ್ತಿದವರು ಹೊರಗೆ ನಿಂತೇ ಇರುತ್ತಾರೆ. ಆದರೂ ಅಡುಗೆಮನೆಯಲ್ಲಿ ಕೆಲಸದ ಬಾಯಿ ಬೀನ್ಸ್ ಮುರಿದಳೆಂದರೆ, ಹಾಲಿನಲ್ಲಿ ಕೂತ ನಾನು ಪೇಪರ್ ಕೆಳಗಿಡುತ್ತೇನೆ. ಅದರ ಹಿಂದೆಯೇ ಒಂದು ದನಿ ಬರಬೇಕು ಅನ್ನಿಸುತ್ತದೆ: "ಬಂದ್ಯಾ ಪಾರ್ಟನರ್? ಬಾ, ಜಾಗಾ ಹಿಡದೀನಿ."

ಅವಳ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಆ ಹೆಸರಿನಿಂದ ನಾನು ಅವಳನ್ನು ಒಂದು ದಿನವೂ ಕರೆದವಳಲ್ಲ. ಈಗ ಬರೆದರೆ ಬೇರೆ ಯಾರದೋ ಹೆಸರು ಬರೆದ ಹಾಗಾಗುತ್ತದೆ.

ಹೋದ ತಿಂಗಳು ಅಣ್ಣನ ಮೊಮ್ಮಗಳು ಒಬ್ಬ ಹುಡುಗನನ್ನು ಕರೆದುಕೊಂಡು ಬಂದು, "ಅಜ್ಜಿ, ದಿಸ್ ಈಸ್ ಮೈ ಪಾರ್ಟನರ್" ಎಂದಳು. ನಾನು, "ವೆರಿ ನೈಸ್. ಯಾವ ಬಿಸಿನೆಸ್?" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. "ಅಜ್ಜಿ, ಯು ಆರ್ ಸೋ ಕ್ಯೂಟ್" ಎಂದು ಕೆನ್ನೆ ಹಿಂಡಿದಳು. ಹಿಂಡಲಿ. ಆ ಶಬ್ದದ ಕೂಡ ನನ್ನ ಸಂಬಂಧ ಅವಳ ಅಪ್ಪ ಹುಟ್ಟುವ ಮೊದಲಿನದು.

ಬೆಳಗಾವಿಯ ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ನಮ್ಮನ್ನು ವಾಕಿಂಗ್ ಕರೆದೊಯ್ಯುತ್ತಿದ್ದರು. ಸಿಸ್ಟರ್ ಕೈ ಚಪ್ಪಾಳೆ ತಟ್ಟಿ, "ಗರ್ಲ್ಸ್, ಫೈಂಡ್ ಯುವರ್ ಪಾರ್ಟನರ್ಸ್!" ಎಂದು ಕೂಗಿದ ಕೂಡಲೇ ಹುಡುಗಿಯರು ಕೈಕೈ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಜೋಡಿ ಹೊಂದದೆ ಯಾವಾಗಲೂ ಒಬ್ಬಳು ಉಳಿಯುತ್ತಿದ್ದಳು, ಆ ಒಬ್ಬಳು ಯಾವಾಗಲೂ ನಾನೇ. ಸಿಸ್ಟರ್ ದಯಾಳು. ತಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟು ಜೊತೆಗೆ ಕರೆದುಕೊಳ್ಳುತ್ತಿದ್ದರು. ಶಾಲೆ ಮುಗಿಯುವವರೆಗೂ ಆ ಕಪ್ಪು ಕೊಡೆಯೇ ನನ್ನ ಪಾರ್ಟನರ್.

ಮುಂಬಯಿಗೆ ಬಂದು ಫೋರ್ಟಿನ ಒಂದು ಸಾಲಿಸಿಟರ್ ಫರ್ಮಿನಲ್ಲಿ ಸ್ಟೆನೋ ಆದೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿ ಪಾರ್ಟನರ್ ಎಂದರೆ ಗಾಜಿನ ಕ್ಯಾಬಿನ್ನಿನೊಳಗಿನ ದೇವರು. ಸೀನಿಯರ್ ಪಾರ್ಟನರ್ ಕೆಮ್ಮಿದರೆ ಇಡೀ ಹಾಲಿನ ಟೈಪ್‌ರೈಟರುಗಳು ನಿಲ್ಲುತ್ತಿದ್ದವು. ಪಕ್ಕದ ಟೇಬಲ್ಲಿನ ಬಾಂದ್ರಾದ ಹುಡುಗಿಗೆ ಆ ಶಬ್ದದ ಅರ್ಥವೇ ಬೇರೆ. ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ಡಾನ್ಸಿಗೆ ಪಾರ್ಟನರ್ ಸಿಕ್ಕನೋ ಇಲ್ಲವೋ ಎಂಬುದು ಅವಳ ಜೀವನ್ಮರಣದ ಪ್ರಶ್ನೆ. ನಾನು ಎರಡೂ ಕಡೆ ಕೊಡೆ ಹಿಡಿದು ನಿಂತವಳೇ.

ಅಣ್ಣ ಬ್ಯಾಂಕಿನಲ್ಲಿದ್ದ, ನಾನಿದ್ದ ಅವನ ಮನೆ ಮುಲುಂಡಿನಲ್ಲಿತ್ತು. ಮೊದಲ ವಾರವೆಲ್ಲ ನಿಂತೇ ಪ್ರಯಾಣ ಮಾಡಿದೆ. ವಿ.ಟಿ.ಯಲ್ಲಿ ಗಾಡಿ ನಿಲ್ಲುವ ಮೊದಲೇ ಹೆಂಗಸರು ಸೆರಗು ಬಿಗಿದು ಹಾರಿ ಹತ್ತುತ್ತಿದ್ದರು. ಕಾನ್ವೆಂಟಿನ ಶಿಸ್ತಿನ ನಾನು "ಎಕ್ಸ್‌ಕ್ಯೂಸ್ ಮೀ" ಎನ್ನುವಷ್ಟರಲ್ಲಿ ಸೀಟೆಲ್ಲ ಭರ್ತಿ. ಒಂದು ಸಂಜೆ ಯಾರೋ ನನ್ನ ಪಾದದ ಮೇಲೆ ಮೈಭಾರವೆಲ್ಲ ಹಾಕಿ ನಿಂತರು. ನೋವು ಬಂದಾಗ ಇಂಗ್ಲಿಷ್ ನೆನಪಾಗುವುದಿಲ್ಲ. "ಅಯ್ಯ ಶಿವನ!" ಎಂದುಬಿಟ್ಟೆ.

ಕಿಟಕಿಯ ಪಕ್ಕದಿಂದ ಒಂದು ತಲೆ ಎದ್ದಿತು. ಕಪ್ಪಗೆ, ಉದ್ದಕ್ಕೆ, ಮೂವತ್ತೈದರ ಆಸುಪಾಸಿನ ಹೆಂಗಸು. ಮಾಸಿದ ಇಳಕಲ್ ಸೀರೆ, ಮಡಿಲ ತುಂಬ ಚವಳಿಕಾಯಿ.

"ಕನ್ನಡದಾಕಿ ಏನ? ಎಲ್ಲಿ ಇಳಿಯೂದು?"

"ಮುಲುಂಡ್‌ರಿ."

"ನಾನೂ ಮುಲುಂಡ್. ಹಂಗಾರ ಪಾರ್ಟನರ್ ಆಗೂಣ. ಕುರ್ಲಾ ತನಕ ನಾ ಕೂಡತೀನಿ, ಕುರ್ಲಾದಿಂದ ನೀ ಕೂಡು. ಆದೀತಿಲ್ಲೋ?"

"ಆಗ್ಲಿ ರೀ. ಥ್ಯಾಂಕ್ಯೂ ರೀ."

"ರೀ ಗೀ ಅಂದರ ಸೀಟ ಕೊಡೂದಿಲ್ಲ ನೋಡ ಮತ್ತ. ಪಾರ್ಟನರ್ ಅನ್ನು."

ಹುಡುಕದೆಯೇ ನನಗೊಬ್ಬಳು ಪಾರ್ಟನರ್ ಸಿಕ್ಕಿದ್ದು ಹೀಗೆ. ಸಿಸ್ಟರ್ ನೋಡಬೇಕಿತ್ತು ಅನ್ನಿಸಿತು.

ಅವಳು ಮಸೀದ್ ಬಂದರಿನ ಒಂದು ಔಷಧದ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಬಾಟಲಿಗೆ ಚೀಟಿ ಅಂಟಿಸುವುದು, ಹುಲ್ಲು ಸುತ್ತುವುದು, ಖೋಕಾ ಪೆಟ್ಟಿಗೆ ತುಂಬುವುದು. ಮೈಯೆಲ್ಲ ಟಿಂಕ್ಚರ್ ವಾಸನೆ, ಬೆರಳಿನ ಸಂದಿಗಳಲ್ಲಿ ಒಣಗಿದ ಅಂಟು. ವಿ.ಟಿ.ಯ ಮುಂದಿನ ಸ್ಟೇಶನ್ನಾದ ಮಸೀದಿನಲ್ಲಿ ಹತ್ತಿದರೆ ಸೀಟು ಸಿಗುವುದಿಲ್ಲವೆಂದು ಅವಳು ಉಲ್ಟಾ ಗಾಡಿ ಹಿಡಿದು ವಿ.ಟಿ.ಗೆ ಬಂದು, ಅದೇ ಗಾಡಿ ತಿರುಗಿ ಹೊರಡುವವರೆಗೆ ಇಳಿಯದೆ ಕೂತಿರುತ್ತಿದ್ದಳು. ಆ ಸೀಟಿನ ಅರ್ಧ ನನ್ನದು. ಅರ್ಧ ದಾರಿಯ ಕುರ್ಲಾ ಬಂದ ಕೂಡಲೇ, ಮಾತು ಎಷ್ಟೇ ರಂಗಿನಲ್ಲಿರಲಿ, ಅವಳು ಏಳುತ್ತಿದ್ದಳು. "ಇನ್ನೊಂದೆರಡು ಸ್ಟೇಶನ್ ಕೂಡು" ಎಂದರೆ ಕೇಳುತ್ತಿರಲಿಲ್ಲ.

ಏಳುವುದಕ್ಕೂ ಒಂದು ಕಲೆಯಿತ್ತು. ಎದ್ದ ಮೇಲೆ ಪಾರ್ಟನರ್ ಕೂಡುತ್ತಾಳೆ ಎಂದುಕೊಂಡರೆ ನಡುವೆ ಮೂರನೆಯವಳು ತೂರಿರುತ್ತಾಳೆ. ಹಾಗಾಗಿ ನಿಂತವಳ ಸೊಂಟ ಸೀಟಿಗೆ ತಾಗುವವರೆಗೆ ಕೂತವಳು ಪೂರ್ತಿ ಏಳಕೂಡದು. ಒಬ್ಬಳು ಏಳುತ್ತ, ಇನ್ನೊಬ್ಬಳು ಕೂಡುತ್ತ, ಒಂದು ಗಳಿಗೆ ಇಬ್ಬರೂ ಅರ್ಧಂಬರ್ಧ. ಕಲಿಯಲು ನನಗೆ ಬಹಳ ದಿನ ಹಿಡಿಯಿತು. "ಏನ ಕಲಿಸ್ಯಾರ ನಿಮ್ಮ ಕಾನ್ವೆಂಟಿನ್ಯಾಗ?" ಎಂದು ಅವಳು ಡಬ್ಬಾಕ್ಕೆಲ್ಲ ಕೇಳುವಂತೆ ಬೈಯುತ್ತಿದ್ದಳು. "ಸೀಟ ಬಿಡೂದು ಕಲಿಸ್ಯಾರ, ಹಿಡಿಯೂದು ಕಲಿಸಿಲ್ಲ."

ಇನ್ನೊಂದು ಮಾತು ಅವಳದು: "ಕೂತಾಕಿಗೆ ನಿಂತಾಕಿ ಕಾಲ ಕಾಣಬೇಕ, ಪಾರ್ಟನರ್. ಮಾರಿ ಅಲ್ಲ, ಕಾಲ. ಮಾರಿ ಸುಳ್ಳ ಹೇಳತೈತಿ."

ಒಂದು ಮಳೆಗಾಲದ ಮಧ್ಯಾಹ್ನ ಹಳಿಯ ಮೇಲೆ ನೀರು ನಿಂತು ಗಾಡಿಗಳು ಬಂದ್ ಆದವು. ನಾನು ಆಫೀಸಿನಲ್ಲಿ ಒಬ್ಬಳೇ ಹೆದರಿ ಕೂತಿರುತ್ತೇನೆಂದು ಅವಳು ಮಸೀದಿನಿಂದ ಮೊಣಕಾಲುದ್ದ ನೀರಿನಲ್ಲಿ ಫೋರ್ಟಿಗೆ ನಡೆದು ಬಂದಳು. ಲಿಫ್ಟಿನಲ್ಲಿ ಅವಳ ಜೊತೆ ಹತ್ತಿದವರು ನಮ್ಮ ಸೀನಿಯರ್ ಪಾರ್ಟನರ್, ಸೂಟು ಹಾಕಿದ ಪಾರ್ಸಿ ಮುದುಕ. ಇವಳು ಸೀರೆ ಹಿಂಡುತ್ತ, "ಕ್ಯಾ ಪಾರ್ಟನರ್, ಕೌನ್ಸಾ ಮಾಲಾ?" ಎಂದು ಮಹಡಿ ವಿಚಾರಿಸಿದಳಂತೆ. ಅವರು ಬಹಳ ಗಂಭೀರವಾಗಿ, "ಥರ್ಡ್" ಎಂದರಂತೆ. ಲಿಫ್ಟ್‌ಮನ್ ನಗು ತಡೆಯಲಾರದೆ ನನಗೆ ಬಂದು ಹೇಳಿದ. ನಾನು ನಾಚಿಕೆಯಿಂದ ಸತ್ತೆ. "ಅವ್ರು ಯಾರು ಗೊತ್ತದ ಏನು ನಿನಗ? ಈ ಫರ್ಮಿನ ಪಾರ್ಟನರ್!"

"ಮತ್ತ ನಾನೂ ಅದನ್ನ ಅಂದೆಲ್ಲ?" ಎಂದಳು ಅವಳು.

ಅಣ್ಣನ ಹೆಂಡತಿ, ನಮ್ಮ ವೈನಿಗೆ, ಅವಳು ಆಗುತ್ತಿರಲಿಲ್ಲ. "ಕಾನ್ವೆಂಟಿಗೆ ಹಾಕಿದ್ದು ಪ್ಯಾಕಿಂಗಿನಾಕಿ ಜೋಡಿ ಗೆಳೆತನ ಮಾಡ್ಲಿಕ್ಕೇನು? ನಾಳೆ ನೋಡ್ಲಿಕ್ಕೆ ಬಂದವ್ರ ಮುಂದ ಪಾರ್ಟನರ್ ಪಾರ್ಟನರ್ ಅಂತ ಒದರಿದರ ಏನ ಮಾಡ್ತಿ?" ಎಂದು ಚುಚ್ಚುತ್ತಿದ್ದರು. ನಾನು ಭಾನುವಾರ ಲೈಬ್ರರಿಗೆಂದು ಹೊರಟು ಅವಳ ರೂಮಿಗೆ ಹೋಗಿ ಬಿಸಿ ರೊಟ್ಟಿ ತಿಂದು ಬರುತ್ತಿದ್ದೆ.

ಸ್ಟೇಶನ್ನಿನ ಆಚೆಯ ಚಾಳಿನಲ್ಲಿ ಒಂದು ಖೋಲಿ. ಅಲ್ಲಿ ಅವಳ ಜೊತೆ ಇದ್ದವಳು ಕಸ್ತೂರಿಬಾಯಿ. ಗುಂಡಗೆ, ಬೆಳ್ಳಗೆ, ಮೆಲುದನಿಯವಳು. ಮುಲುಂಡಿನದೇ ಒಂದು ಹೆರಿಗೆ ನರ್ಸಿಂಗ್ ಹೋಮಿನಲ್ಲಿ ಆಯಾ. ಖೋಲಿ ಕಸ್ತೂರಿಬಾಯಿಯ ಹೆಸರಿನಲ್ಲಿತ್ತು. ಮದುವೆಯಾಗಿರಲಿಲ್ಲ. ಇಬ್ಬರೂ ಬಿಜಾಪುರದ ಕಡೆಯವರೇ, ಆದರೆ ಬೇರೆ ಬೇರೆ ಊರು, ಬೇರೆ ಜಾತಿ. ಒಂದೇ ಒಲೆ, ಒಂದೇ ಕನ್ನಡಿ. ಜಗಳ ಮಾತ್ರ ದಿನಕ್ಕೊಂದು ಹೊಸದು. ಚಹಾಕ್ಕೆ ಶುಂಠಿ ಹಾಕಬೇಕೋ ಯಾಲಕ್ಕಿಯೋ ಎಂಬುದರ ಮೇಲೆ ಇಬ್ಬರೂ ಇಡೀ ಭಾನುವಾರ ಮಾತು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಆಗ ನನ್ನ ಮೂಲಕ ಮಾತು: "ಆಕಿಗಿ ಹೇಳ, ಉಪ್ಪ ಕಡಿಮಿ ಆಗೈತಿ ಅಂತ." "ಆಕಿಗಿ ಹೇಳ, ನಾಲಿಗಿಗೆ ಟಿಂಕ್ಚರ್ ಹತ್ತೈತಿ ಅಂತ."

ಆ ಖೋಲಿಗೆ ಹೇಗೆ ಬಂದಳೆಂದು ನನ್ನ ಪಾರ್ಟನರ್ ಒಮ್ಮೆ ಗಾಡಿಯಲ್ಲಿ ಹೇಳಿದಳು, ಕಾಯಿ ಮುರಿಯುತ್ತಲೇ.

"ನನ್ನ ಗಂಡ ಇನ್ನೊಬ್ಬಾಕಿನ ಕರಕೊಂಡ ಬಂದ. ಬಂದಾಕಿ ಚಲೋದಾಕೀನ, ಪಾಪ. ನನಗ ಚಾ ಮಾಡಿ ಕೊಟ್ಟಳು. ಚಾ ಕುಡದು ಎದ್ದು ಬಂದೆ."

ಎದ್ದು ಬಂದವಳು ಊರ ಕಡೆಯ ಕಟ್ಟಡ ಕೂಲಿಗಳ ಗುಂಪು ಸೇರಿ ಮುಂಬಯಿ ತಲುಪಿದಳು. ಹೊಟ್ಟೆಯಲ್ಲಿ ಕೂಸಿತ್ತು. ಸಿಮೆಂಟು ಹೊರುತ್ತ ಹೊರುತ್ತ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿ, ಜೊತೆಯವರು ಮುಲುಂಡಿನ ಆ ನರ್ಸಿಂಗ್ ಹೋಮಿಗೆ ತಂದು ಹಾಕಿದರು. ಕೂಸು ಉಳಿಯಲಿಲ್ಲ. ಮನೆಗೆ ಹೋಗು ಎಂದ ದಿನ ಅವಳು ಗೇಟಿನ ಹತ್ತಿರ ಬಂದು ನಿಂತಳು. ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯಲಿಲ್ಲ. ಹಿಂದಿನಿಂದ ಆಯಾ ಕಸ್ತೂರಿಬಾಯಿ ಬಂದು, "ನನ್ನ ಖೋಲಿಗೆ ಒಬ್ಬಾಕಿ ರೂಮ್ ಪಾರ್ಟನರ್ ಬೇಕಾಗಿತ್ತು, ಬರತೀ ಏನ?" ಎಂದಳು.

"ಪಾರ್ಟನರ್ ಅಂದರ ಏನಂತ ನನಗ ಗೊತ್ತಿರಲಿಲ್ಲ," ಎಂದಳು ಅವಳು. "ಕೆಲಸದಾಕಿ ಅಂತ ತಿಳದು ಹೋದೆ. ನಾ ಹೋದ ಕೂಡಲೆ ಆಕಿ ನನಗ ಗಾದಿ ಹಾಸಿ, ತಾ ಚಾಪಿ ಮ್ಯಾಲ ಅಡ್ಡಾದಳು. ಹಂಗಾರ ಇದ ಪಾರ್ಟನರ್ ಅಂದರ ಅಂತ ತಿಳಕೊಂಡೆ."

ಕುರ್ಲಾ ಬಂತು. ಅವಳು ಎದ್ದಳು, ನಾನು ಕೂತೆ. ನನಗೆ ಅವಳ ಕಾಲು ಕಾಣುತ್ತಿತ್ತು. ಚಪ್ಪಲಿಯ ಉಂಗುಟಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು.

ಇದೆಲ್ಲ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಒಂದು ಭಾನುವಾರ ನಾನು ಹೋದಾಗ ಖೋಲಿಯಲ್ಲಿ ಕಸ್ತೂರಿಬಾಯಿಯ ಅಣ್ಣ ಕೂತಿದ್ದರು. ಊರಿಂದ ಆಗ ತಾನೇ ಬಂದಿದ್ದರು, ಟೋಪಿ ಇನ್ನೂ ತಲೆಯ ಮೇಲಿತ್ತು. ದಣಿದ, ಸಭ್ಯ ಮನುಷ್ಯ. ಅವರಲ್ಲಿ ಕೆಟ್ಟತನ ನನಗೆ ಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ.

"ಅವ್ವಗ ಲಕ್ವಾ ಹೊಡದೈತಿ," ಎನ್ನುತ್ತಿದ್ದರು ತಂಗಿಗೆ. "ಬಲಗೈ, ಬಲಗಾಲು ಎರಡೂ ಹೋಗ್ಯಾವು. ಬಾಯಿನೂ ಬಿದ್ದೈತಿ. ನನ್ನ ಹೆಣತಿ ಹೊಲಾ ನೋಡತಾಳೋ, ಹುಡುಗರನ ನೋಡತಾಳೋ, ಇಕಿನ್ನ ನೋಡತಾಳೋ? ನೀ ಬಂದಬಿಡು. ಖೋಲಿ ಬಿಟ್ಟಬಿಡು. ಮುಂಬಯಿಯೊಳಗ ನಿನಗ ಯಾರ ಅದಾರ?"

ಮೂಲೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

ಕಸ್ತೂರಿಬಾಯಿ ನೆಲ ನೋಡುತ್ತ ಕೂತಿದ್ದಳು. ಅಣ್ಣ ಒಲೆಯ ಕಡೆ ತಿರುಗಿ, "ಇವ್ರು ಏನಾಗಬೇಕು ನಿನಗ?" ಎಂದರು.

"ಪಾರ್ಟನರ್."

"ಅಂದರ?"

"ರೂಮ್ ಪಾರ್ಟನರ್."

"ಹಂಗೇನು," ಎಂದು ಅವರು ಸಮಾಧಾನದ ಉಸಿರು ಬಿಟ್ಟರು. "ಮತ್ತ ಚಿಂತಿ ಏನೈತಿ? ಇವ್ರಿಗೆ ಇನ್ನೊಬ್ಬರು ಸಿಗತಾರ. ಮುಂಬಯಿಯೊಳಗ ಮಂದೀಗೇನ ಬರ?"

ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮನುಷ್ಯ ಕೇಳಿದ್ದು ತಪ್ಪೇನೂ ಅಲ್ಲ. ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು ಇದನ್ನೇ: ಇವರು ನಿನಗೆ ಏನಾಗಬೇಕು? ಅದಕ್ಕೆ ಅತ್ತಿಗೆ, ನಾದಿನಿ, ಸೋದರತ್ತೆ, ಬೀಗಿತ್ತಿ ಎಂದು ಎಷ್ಟೊಂದು ಉತ್ತರಗಳಿವೆ. ಅವುಗಳಲ್ಲಿ ಒಂದೂ ಆ ಖೋಲಿಯಲ್ಲಿರಲಿಲ್ಲ. ಕಸ್ತೂರಿಬಾಯಿ ಊರಿಗೆ ಹೋದರೆ ಖೋಲಿ ಹೋಗುತ್ತದೆ, ನರ್ಸಿಂಗ್ ಹೋಮಿನ ಕೆಲಸ ಹೋಗುತ್ತದೆ, ಇಬ್ಬರೂ ಇನ್ನು ಒಬ್ಬರ ಮಾರಿ ಒಬ್ಬರು ನೋಡುವುದಿಲ್ಲ. ಅಷ್ಟು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಅಣ್ಣನಿಗೆ ಮಾತ್ರ ಅದು ದೊಡ್ಡದೆನಿಸಲಿಲ್ಲ.

ಅವಳು ಹಂಚಿನ ಮೇಲಿನ ರೊಟ್ಟಿ ತೆಗೆದಳು. "ಅಣ್ಣಾರ, ಮೊದಲ ಉಣ್ರಿ. ದಣದ ಬಂದೀರಿ," ಎಂದು ತಾಟು ಇಟ್ಟಳು. ಅವರು ಉಂಡು ಕೈ ತೊಳೆದು ಬಂದ ಮೇಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಅವ್ವಗ ಎಷ್ಟ ದಿನ ಅಂತ ಹೇಳ್ಯಾರ ಡಾಕ್ಟರ್?"

"ದೇವರಿಗೆ ಗೊತ್ತು. ವರ್ಷ ಆದೀತು, ಹತ್ತ ವರ್ಷನೂ ಆದೀತು."

"ಹಂಗಾರ ಉದ್ದನ್ನ ದಾರಿ ಐತಿ. ಒಬ್ಬಾಕಿ ಕಡೆ ಸಾಗೂದಿಲ್ಲ, ನಡಾ ಬೀಳತೈತಿ. ಅರ್ಧ ದಾರಿ ಆಕಿ, ಅರ್ಧ ದಾರಿ ನಾನು."

"ಅಂದರ?"

"ಎರಡ ತಿಂಗಳ ಆಕಿ ಬಂದು ಅವ್ವನ ಮಗ್ಗಲದಾಗ ಕೂಡತಾಳ. ಆಕಿ ಕೆಲಸಕ್ಕ ಇಲ್ಲಿ ನಾ ಬದಲಿ ಹೋಗತೀನಿ. ಆಮ್ಯಾಲ ಆಕಿ ಇಲ್ಲಿಗೆ ಬರತಾಳ, ನಾ ಅಲ್ಲಿಗೆ ಬರತೀನಿ. ಅವ್ವಗೂ ಮಂದಿ ಆತು, ಖೋಲಿನೂ ಉಳೀತು."

ನರ್ಸಿಂಗ್ ಹೋಮಿನಲ್ಲಿ ಆ ಪದ್ಧತಿಯಿತ್ತು. ರಜೆ ಹೋಗುವ ಆಯಾ ತನ್ನ ಕಡೆಯ ಒಬ್ಬಳನ್ನು ಬದಲಿ ಕೊಟ್ಟು ಹೋದರೆ ಅವಳ ಜಾಗ ಅವಳಿಗೇ ಇರುತ್ತಿತ್ತು. ಆದರೆ ಬದಲಿ ಹೋಗುವವಳು ಮಸೀದಿನ ತನ್ನ ಸ್ವಂತ ಕೆಲಸ ಬಿಡಬೇಕಿತ್ತು. ಅದನ್ನು ಅವಳು ಬಾಯಿ ಬಿಟ್ಟು ಹೇಳಲೂ ಇಲ್ಲ.

ಅಣ್ಣ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. "ನೀವು ಯಾಕ ಬರತೀರಿ? ನಮಗೂ ನಿಮಗೂ ಏನ ಸಂಬಂಧ?"

"ಸಂಬಂಧ ಇದ್ದವ್ರು ಇಷ್ಟ ವರ್ಷ ಎಲ್ಲಿ ಇದ್ದಿರಿ ಅಂತ ನಾ ಕೇಳಿದೆನೇನ್ರಿ?"

"ಏ, ಸುಮ್ಮನಿರ," ಎಂದಳು ಕಸ್ತೂರಿಬಾಯಿ. ಆ ದಿನ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಅಣ್ಣ ಸಿಟ್ಟಾಗಲಿಲ್ಲ. 'ಎರಡು ಕೈ ಬರುತ್ತವೆ, ನನ್ನ ಹೆಂಡತಿಗೆ ಉಸಿರಾಡಲು ಆದೀತು' ಎಂದು ಲೆಕ್ಕ ಹಾಕುತ್ತಿದ್ದರೆಂದು ಮುಖದಲ್ಲೇ ತಿಳಿಯುತ್ತಿತ್ತು. ಕೊನೆಗೆ ಕೇಳಿದ್ದು ಒಂದೇ: "ಊರಾಗ ಯಾರಾದರ ಕೇಳಿದರ ನಿಮ್ಮನ್ನ ಯಾರಂತ ಹೇಳಲಿ?"

"ನೀವ್ಯಾಕ ಹೇಳತೀರಿ? ಬಾಯಿ ಬಂದ ಮ್ಯಾಲ ಅವ್ವನ ಹೇಳತಾಳ ತಗೋರಿ."

ಮರುದಿನವೇ ಕಸ್ತೂರಿಬಾಯಿ ಅಣ್ಣನ ಜೊತೆ ಊರಿಗೆ ಹೋದಳು. ನನ್ನ ಪಾರ್ಟನರ್ ಮಸೀದಿನ ಕೆಲಸ ಬಿಟ್ಟಳು. ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕ ಯಾರೋ ಗುಜರಾತಿ ಹೆಂಗಸು ಕೂತಿದ್ದಳು. ನಾನು ಕುರ್ಲಾ ದಾಟಿದರೂ ನಿಂತೇ ಇದ್ದೆ. ಈ ಏರ್ಪಾಟಿನಲ್ಲಿ ನನ್ನ ಅರ್ಧವೂ ಹೋಯಿತೆಂದು ಗೊತ್ತಾದದ್ದು ಆಗ.

ಆ ಎರಡು ತಿಂಗಳು ಭಾನುವಾರಗಳಂದು ಹೋಗಿ ನೋಡುತ್ತಿದ್ದೆ. ಕಸ್ತೂರಿಬಾಯಿಯ ಬಿಳಿ ಸೀರೆ ಉಟ್ಟು ಇವಳು ಆಯಾ ಆಗಿದ್ದಳು. ಸೀರೆ ಗಿಡ್ಡವಾಗಿ ಕಣಕಾಲು ಕಾಣುತ್ತಿತ್ತು. ಚಹಾಕ್ಕೆ ಶುಂಠಿ ಬಿಟ್ಟು ಯಾಲಕ್ಕಿ ಹಾಕತೊಡಗಿದ್ದಳು, ನಾನು ಅದನ್ನು ಆಡಿ ತೋರಿಸಲಿಲ್ಲ.

"ಬರತಾಳಲ್ಲ?" ಎಂದು ಒಮ್ಮೆ ಕೇಳಿಬಿಟ್ಟೆ. ಹುಟ್ಟಿದ ಮನೆ, ಹಾಸಿಗೆ ಹಿಡಿದ ತಾಯಿ. ಒಮ್ಮೆ ಹೋದವಳನ್ನು ಅವರು ಬಿಡುತ್ತಾರೆ ಎಂದು ಏನು ಗ್ಯಾರಂಟಿ?

ಅವಳು ಬಹಳ ಹೊತ್ತು ಲೋಟ ತೊಳೆದಳು. "ಸೀಟ ಬಿಟ್ಟ ಏಳೂ ಮುಂದ ಇದನ್ನ ನೋಡಬೇಕು, ಪಾರ್ಟನರ್. ನಡುವ ಯಾರರ ತೂರಿದರ ಹೋತು. ನಾ ಇಲ್ಲಿ ಸೊಂಟಾ ಹಚ್ಚಿ ನಿಂತೀನಿ. ಇನ್ನ ಆಕಿ ಕೈಯಾಗ ಐತಿ."

ಕಸ್ತೂರಿಬಾಯಿ ಹೇಳಿದ ವಾರಕ್ಕೆ ಬಂದಳು, ಬುಟ್ಟಿ ತುಂಬ ಜೋಳದ ಹಿಟ್ಟು, ಶೇಂಗಾ ಹಿಂಡಿ ಹೊತ್ತುಕೊಂಡು. ಬೆಳಿಗ್ಗೆ ಅವಳು ಬಂದಳು, ಸಂಜೆ ಇವಳು ಹೊರಟಳು, ಕಂಡರಿಯದ ಊರಿಗೆ, ಕಂಡರಿಯದ ಮುದುಕಿಯ ಮಲಮೂತ್ರ ಬಳಿಯುವುದಕ್ಕೆ. ಅಂದಿನಿಂದ ಅವರ ಬಾಳು ಹೀಗೇ ನಡೆಯಿತು. ಒಬ್ಬಳು ಇಲ್ಲಿದ್ದರೆ ಇನ್ನೊಬ್ಬಳು ಅಲ್ಲಿ. ಖೋಲಿ ಉಳಿಯಿತು, ಕೆಲಸ ಉಳಿಯಿತು, ಅವ್ವನೂ ಉಳಿದಳು. ಒಟ್ಟಿಗೆ ಕೂತು ಜಗಳಾಡುವುದೊಂದು ಹೋಯಿತು. ಸೀಟಿನ ಪಾರ್ಟನರುಗಳು ಎಂದೂ ಒಟ್ಟಿಗೆ ಕೂತಿರುವುದಿಲ್ಲ. ಅಷ್ಟು ವರ್ಷ ಅದರಲ್ಲೇ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ.

ನಂತರ ನನ್ನ ಮದುವೆಯಾಯಿತು. ಸಾಂತಾಕ್ರೂಜಿನ ಮನೆ. ಮುಂಬಯಿಯಲ್ಲಿ ಸೆಂಟ್ರಲ್ ಲೈನಿನವಳು ವೆಸ್ಟರ್ನ್ ಲೈನಿಗೆ ಹೋದಳೆಂದರೆ ಪರದೇಶಕ್ಕೆ ಹೋದ ಹಾಗೆ. ರಿಸೆಪ್ಶನ್ನಿನಲ್ಲಿ ಯಜಮಾನರ ಬಾಸ್ ಎದ್ದು ನಿಂತು, ಲೈಫ್ ಪಾರ್ಟನರ್ ಎಂದು ಉದ್ದಕ್ಕೆ ಇಂಗ್ಲಿಷ್ ಭಾಷಣ ಮಾಡಿದರು. ನನ್ನ ಗಂಡ ಒಳ್ಳೆಯವರು, ದೇವರಂಥವರು. ಬಾಳಿಡೀ ನನ್ನ ಮುಖ ನೋಡಿ, "ದಣಿದಿಲ್ಲಲ್ಲ?" ಎಂದು ಕೇಳಿದವರು. ಕಾಲು ನೋಡಿದವರಲ್ಲ, ಅಷ್ಟೇ.

ಮದುವೆಗೆ ಕಸ್ತೂರಿಬಾಯಿ ಒಬ್ಬಳೇ ಬಂದಿದ್ದಳು. ಆಗ ಊರಲ್ಲಿರುವ ಪಾಳಿ ನನ್ನ ಪಾರ್ಟನರಿನದು. ವೈನಿಯ ಕಣ್ಣು ತಪ್ಪಿಸಿ ಕಸ್ತೂರಿಬಾಯಿ ನನ್ನ ಕೈಯಲ್ಲಿ ಒಂದು ಪುಡಿಕೆ ಇಟ್ಟಳು. ಒಳಗೆ ಗಂಡಸರು ಇಟ್ಟುಕೊಳ್ಳುವಂಥ ದೊಡ್ಡ ಕೆಂಪು ಚೌಕಳಿಯ ಕರವಸ್ತ್ರ. "ವೆಸ್ಟರ್ನ್ ಲೈನಿನ್ಯಾಗ ಸೀಟಿಗೆ ಒಗ್ಯಾಕ ಅಂತ ಕಳಿಸ್ಯಾಳ. ಅಲ್ಲಿ ಆಕಿಗೆ ಪಾರ್ಟನರ್ ಯಾರಿಲ್ಲ ಅಂದಳು."

ಕೊನೆಯ ಸಲ ನನ್ನ ಪಾರ್ಟನರನ್ನು ನೋಡಿದ್ದು ದಾದರಿನಲ್ಲಿ. ಎಪ್ಪತ್ತರ ದಶಕವೂ ಮುಗಿಯುತ್ತ ಬಂದಿತ್ತು. ಭಾನುವಾರ ಅಣ್ಣನ ಮನೆಗೆ ಹೋಗಿ ಸಂಜೆ ಮರಳುತ್ತಿದ್ದೆವು, ದಾದರಿನಲ್ಲಿ ಗಾಡಿ ಬದಲಿಸಬೇಕು. ಯಜಮಾನರು ಮುಂದೆ, ನಾನು ಹಿಂದೆ. ಸೋಲಾಪುರದ ಕಡೆಯ ಗಾಡಿಗಳು ನಿಲ್ಲುವ ಪ್ಲ್ಯಾಟ್‌ಫಾರ್ಮಿನ ಬೆಂಚಿನಿಂದ ಆ ದನಿ ಬಂತು:

"ಏ ಪಾರ್ಟನರ್! ದಪ್ಪ ಆಗೀಯಲ್ಲ!"

ಅವಳೂ ಕಸ್ತೂರಿಬಾಯಿಯೂ ಕೂತಿದ್ದರು, ನಡುವೆ ತರಕಾರಿಯ ಚೀಲ. ಅವಳು ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು, ಮುಂದಲೆ ಬೆಳ್ಳಗಾಗಿತ್ತು. ಈ ಸಲ ಹೊರಟವಳು ಅವಳು. ಕಸ್ತೂರಿಬಾಯಿ ಬೆಳಿಗ್ಗೆ ಊರಿಂದ ಬಂದಿದ್ದಳು.

"ಅವ್ವ ಹ್ಯಾಂಗಿದ್ದಾಳ?" ಎಂದೆ.

"ಗಟ್ಟಿ ಅದಾಳ, ನಮ್ಮಿಬ್ಬರಿಗಿಂತ ಗಟ್ಟಿ. ಮಾತ ಅರ್ಧಾ ಬಂದೈತಿ. ಹೋದ ಪಾಳಿಗೆ ಯಾರೋ ಮುದುಕಿ ಬಂದು, 'ಇಕಿ ನಿಮಗ ಏನಾಗಬೇಕವ್ವ?' ಅಂತ ಕೇಳಿದಳು. ನಾ ಬಾಗಲ ಹಿಂದ ನಿಂತು ಕೇಳಾಕತ್ತೀನಿ. ಅವ್ವ ಬಾಯಿ ಸೊಟ್ಟ ಮಾಡಿ ಮಾಡಿ ಕಡೀಕ ಅಂದಳು, 'ನನ್ನ ಮಗಳ ಜೋಡಿ' ಅಂತ."

"ಜೋಡೆತ್ತು ಅಂದಿರಬೇಕು," ಎಂದಳು ಕಸ್ತೂರಿಬಾಯಿ. "ಇಕಿಗೆ ಅರ್ಧಾನ ಕೇಳೈತಿ."

ನಕ್ಕು ಸಾಕಾಗಿ ನಾನು ಕೇಳಿದೆ, "ನೀವಿಬ್ಬರೂ ಕೂಡಿ ಇರೋದು ಯಾವಾಗ?"

"ಇವತ್ತ," ಎಂದಳು ಅವಳು. "ಎರಡ ತಿಂಗಳಿಗೊಮ್ಮೆ ಈ ಒಂದ ಐತವಾರ ಸಿಗತೈತಿ. ಇದ ನಮ್ಮ ಕುರ್ಲಾ, ಪಾರ್ಟನರ್."

ಮುಂದಿನಿಂದ ಯಜಮಾನರು ಕೈ ಮಾಡಿ ಕರೆದರು. ಅಷ್ಟರಲ್ಲಿ ಅವಳ ಗಾಡಿಯೂ ಬಂತು. ನಿಲ್ಲುವ ಮೊದಲೇ ಅವಳು ಲೇಡೀಸ್ ಡಬ್ಬಾದ ಕಿಟಕಿಯೊಳಗೆ ಕರವಸ್ತ್ರ ಒಗೆದಿದ್ದಳು. ನೂಕುನುಗ್ಗಲಿನಲ್ಲಿ ಹತ್ತಿ ಆ ಸೀಟು ಹಿಡಿದಳು. ಚೀಲ ಕೊಡಲೆಂದು ಕಸ್ತೂರಿಬಾಯಿಯೂ ಹತ್ತಿದಳು. ಗಾಡಿ ಸಿಳ್ಳೆ ಹಾಕಿತು. ಕಸ್ತೂರಿಬಾಯಿ ಇಳಿಯಲಿಲ್ಲ.

ನಾನು ಕಿಟಕಿಗೆ ಓಡಿದೆ. "ಕಸ್ತೂರಿಬಾಯಿ, ಇಳೀರಿ! ಗಾಡಿ ಬಿಡ್ತದ!"

"ಕಲ್ಯಾಣದ ತಿಕೀಟ ತಗೊಂಡಾಳ," ಎಂದು ಒಳಗಿನಿಂದ ಇವಳು ಕೂಗಿದಳು. "ಅಲ್ಲಿ ಇಳದು ಲೋಕಲ್ ಹಿಡದು ತಿರುಗಿ ಮುಲುಂಡಿಗೆ ಹೋಗತಾಳ. ಕಲ್ಯಾಣ ತನಕ ಇಬ್ಬರೂ!"

ಗಾಡಿ ಅಲುಗಿತು. ಅವಳು ಕಿಟಕಿಯ ಕಡೆ ಸರಿದಳು, ಕಸ್ತೂರಿಬಾಯಿ ಉಳಿದ ಅರ್ಧದಲ್ಲಿ ಕೂತಳು. ಒಬ್ಬರ ಸೀಟಿನಲ್ಲಿ ಇಬ್ಬರೂ, ಯಾರೂ ಏಳದೆ. ಎರಡು ಮಡಿಲುಗಳಿಗೂ ಸೇರಿಸಿ ಒಂದು ಪೇಪರ್ ಹಾಸಿದರು. ಚೀಲದಿಂದ ಚವಳಿಕಾಯಿ ಸುರಿದದ್ದು ಕಂಡಿತು, ನಾಲ್ಕು ಕೈ ಒಟ್ಟಿಗೆ ಮುಂದಾದದ್ದು ಕಂಡಿತು. ಪಟ್ ಎಂದಿರಬೇಕು. ಗಾಲಿಗಳ ಸದ್ದಿನಲ್ಲಿ ನನಗೆ ಕೇಳಲಿಲ್ಲ.